ಗೊರಸಿನ ನಾಡಿ

ಏಳೂವರೆಗೆ ದವಾಖಾನೆಯ ಬಾಗಿಲು ತೆಗೆಯುವುದು ನನ್ನ ಕೆಲಸ. ಮೇ ತಿಂಗಳ ಆ ಬೆಳಿಗ್ಗೆ ನಾನು ಹೋದಾಗ ಸವಣೂರಿನ ಟಾಂಗಾವಾಲಾ ಆಗಲೇ ಮೆಟ್ಟಿಲ ಮೇಲೆ ಕುಳಿತಿದ್ದ. ಜೊತೆಗೆ ಕುದುರೆ ಇರಲಿಲ್ಲ. ಕುದುರೆಗೆ ಔಷಧಿ ಕೇಳಲು ಬಂದವನು ಕುದುರೆಯನ್ನು ಮನೆಯಲ್ಲಿ ಬಿಟ್ಟು ಬಂದಿದ್ದಾನೆ ಎಂದರೆ ಅದು ನಡೆಯುವ ಸ್ಥಿತಿಯಲ್ಲಿಲ್ಲ ಎಂದೇ ಅರ್ಥ.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಆ ಪಶು ದವಾಖಾನೆಯ ಕಂಪೌಂಡರ್. ಅದಕ್ಕೂ ಮೊದಲು ಸೈನ್ಯದ ಕುದುರೆ ಲಾಯದಲ್ಲಿ ಕೆಲಸ ಕಲಿತವನು. ಡಾಕ್ಟರರು ಗಂಟಲಬೇನೆಯ ಲಸಿಕೆ ಹಾಕಿಸಲು ಹಿರೇಕೆರೂರಿನ ಕಡೆ ಹೋಗಿದ್ದರು. ಐದು ದಿನ ಬರುವಂತಿರಲಿಲ್ಲ.

“ಆಚಾರ್ರ, ಗುಲಾಬಿ ಹೊರಗ ಬರವಲ್ಲಳು,” ಎಂದ. “ಮುಂಗಾಲು ಊರವಲ್ಲಳು. ನಿಂತಲ್ಲೇ ಬೆವರಾಕತ್ತಾಳ.”

ಸೈಕಲ್ ಮೇಲೆ ಅವನ ಹಿಂದೆಯೇ ಹೋದೆ. ಗುಲಾಬಿ ಬಿಳಿಯ ಹೆಣ್ಣುಕುದುರೆ. ಲಾಯದೊಳಗೆ ಅದು ನಿಂತಿದ್ದ ರೀತಿ ನೋಡಿದ ಕೂಡಲೇ ಅದರ ಕಾಲ ಬಳಿ ಕುಳಿತೆ. ಎರಡೂ ಮುಂಗಾಲನ್ನು ಮುಂದಕ್ಕೆ ಚಾಚಿ, ಮೈಭಾರವನ್ನೆಲ್ಲ ಹಿಂಗಾಲಿನ ಮೇಲೆ ಹಾಕಿ, ಕುಳಿತುಕೊಳ್ಳಲು ಹೊರಟವರಂತೆ ನಿಂತಿತ್ತು. ಮುಂಗೊರಸುಗಳನ್ನು ಮುಟ್ಟಿದೆ. ಒಲೆಯ ಮೇಲಿಂದ ಇಳಿಸಿದ ಪಾತ್ರೆಯಂತೆ ಕಾದಿದ್ದವು. ಗೊರಸಿನ ಮೇಲಿನ ಗಿಣ್ಣಿನ ಹಿಂದೆ ಎರಡೂ ಪಕ್ಕದಲ್ಲಿ ರಕ್ತನಾಳ ಹಾಯುತ್ತದೆ. ಆರೋಗ್ಯವಾಗಿರುವ ಕುದುರೆಯಲ್ಲಿ ಅಲ್ಲಿ ನಾಡಿ ಸಿಗಬೇಕಾದರೆ ಬೆರಳನ್ನು ಹತ್ತು ಸಲ ಸರಿಸಬೇಕು. ಗುಲಾಬಿಯ ನಾಡಿ ಬೆರಳಿಟ್ಟ ಕ್ಷಣವೇ ಸುತ್ತಿಗೆಯಂತೆ ಹೊಡೆಯಿತು.

ಇದರ ಅರ್ಥ ನನಗೆ ಗೊತ್ತಿತ್ತು. ಗೊರಸಿನೊಳಗಿನ ಎಲುಬು ಗೊರಸಿನ ಗೋಡೆಗೆ ತೆಳ್ಳನೆಯ ಪದರುಗಳಿಂದ ತೂಗುಹಾಕಿಕೊಂಡಿರುತ್ತದೆ. ಆ ಪದರುಗಳಿಗೆ ಅನ್ನ ಕೊಡುವುದು ಕೂದಲಿನಷ್ಟು ಸಣ್ಣ ರಕ್ತನಾಳಗಳು. ಅವು ಬಿಗಿದುಕೊಂಡರೆ ಮೇಲೆ ನಾಡಿ ಎಷ್ಟು ಬಡಿದುಕೊಂಡರೂ ರಕ್ತ ಒಳಗೆ ಮುಟ್ಟುವುದಿಲ್ಲ. ಪದರು ಸಾಯುತ್ತದೆ, ಎಲುಬು ಕಳಚಿಕೊಂಡು ಕೆಳಗೆ ಕುಸಿಯುತ್ತದೆ, ಕೊನೆಗೆ ಅಂಗಾಲನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ಸೈನ್ಯದ ಲಾಯದಲ್ಲಿ ಒಂದು ಕುದುರೆಗೆ ಹೀಗಾದದ್ದನ್ನು ನೋಡಿದ್ದೆ. ಅದಕ್ಕೆ ಗುಂಡು ಹಾಕುವಾಗ ಹಗ್ಗ ಹಿಡಿದು ನಿಂತವನು ನಾನೇ.

ಕಾಳು ಅತಿಯಾದ ಕುದುರೆಗೆ ಈ ಬೇನೆ ಬರುತ್ತದೆಂದು ಗೊತ್ತಿದ್ದರಿಂದ, ಏನು ತಿನ್ನಿಸಿದಿರಿ ಎಂದು ಕೇಳಿದೆ. ಎರಡು ವರ್ಷದಿಂದ ಅವನು ಗುಲಾಬಿಯನ್ನು ಟಾಂಗಾಕ್ಕೆ ಹೂಡಿರಲಿಲ್ಲ. ಮದುವೆಯ ಮೆರವಣಿಗೆಗೆ ಮಾತ್ರ ಒಯ್ಯುತ್ತಿದ್ದ. ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರು ಎಲ್ಲ ಕಡೆಯಿಂದ ಕರೆ ಬರುತ್ತಿತ್ತು. ಮದುವೆ ಮನೆಯವರಿಗೆ ಬೇಕಾದದ್ದು ಮೈತುಂಬಿದ, ಹೊಳೆಯುವ ಕುದುರೆ. ವರ ಹತ್ತುವ ಮೊದಲು ಮನೆಯ ಹೆಣ್ಣುಮಕ್ಕಳು ನೆನೆಸಿದ ಕಡಲೆಬೇಳೆ, ಬೆಲ್ಲ ತಂದು ಕುದುರೆಗೆ ತಿನ್ನಿಸಬೇಕು. ಹಿಂದೂ ಮನೆಯಾಗಲಿ ಮುಸಲ್ಮಾನರ ಮನೆಯಾಗಲಿ, ತಾಟು ಖಾಲಿಯಾದರೆ ಶುಭ, ಉಳಿದರೆ ಕೊರಗು. ಆ ಹಂಗಾಮಿನಲ್ಲಿ ಹದಿನೆಂಟು ದಿನಕ್ಕೆ ಹನ್ನೆರಡು ಮದುವೆಯಾಗಿದ್ದವು. ಉಳಿದ ದಿನ ಮನೆಯಲ್ಲಿ ಕಟ್ಟಿಹಾಕಿ, ಹಿರೇಕೆರೂರು ಸಂತೆಯಿಂದ ತಂದ ಗೋವಿನಜೋಳವನ್ನು ಅವನ ತಾಯಿ ಎರಡು ಹೊತ್ತು ತಿನ್ನಿಸುತ್ತಿದ್ದಳು. ಕುದುರೆಯ ಕುತ್ತಿಗೆಯ ಮೇಲೆ ಕೊಬ್ಬಿನ ದಿಂಡು ಎದ್ದು ಕಲ್ಲಿನಂತಾಗಿತ್ತು. ಪಕ್ಕೆಲುಬು ಒತ್ತಿದರೂ ಸಿಗುತ್ತಿರಲಿಲ್ಲ. ಹಿಂದಿನ ತಿಂಗಳು ದಾರಿಯಲ್ಲಿ ಇದೇ ಕುದುರೆಯನ್ನು ನೋಡಿ, ಸಾಕಿದರೆ ಹೀಗೆ ಸಾಕಬೇಕು ಎಂದು ಅವನಿಗೆ ಹೇಳಿದವನು ನಾನು.

ಕಾಳು ಪೂರ್ತಿ ನಿಲ್ಲಿಸಿದೆ. ಹಳ್ಳದಿಂದ ಎರಡು ಚಕ್ಕಡಿ ಉಸುಕು ತರಿಸಿ ಲಾಯದ ನೆಲಕ್ಕೆ ಮೊಣಕಾಲುದ್ದ ಹಾಕಿಸಿದೆ. ಗೊರಸಿಗೆ ಹಸಿ ಗೋಣಿಚೀಲ ಸುತ್ತಿ, ಆರದಂತೆ ನೀರು ಹನಿಸಲು ಹೇಳಿದೆ. ನೋವಿನ ಪುಡಿ ಕೊಟ್ಟೆ. ಡಾಕ್ಟರರಿಗೆ ಎಲ್ಲ ವಿವರ ಬರೆದು ಹಿರೇಕೆರೂರು ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟೆ. ಮರುದಿನ ಮಧ್ಯಾಹ್ನ ಅದೇ ಬಸ್ಸಿನಲ್ಲಿ ಉತ್ತರ ಬಂತು. ಮಾಡಿದ್ದೆಲ್ಲ ಸರಿ, ನೋವು ಇಳಿಯದಿದ್ದರೆ ಎರಡೂ ಮುಂಗಾಲಿಗೆ ಗಿಣ್ಣಿನ ಹಿಂದೆ ಮರಗಟ್ಟಿಸುವ ಸೂಜಿ ಹಾಕಿ, ಉಸುಕಿನ ಮೇಲೆ ಹತ್ತು ನಿಮಿಷ ನಡೆಸಿರಿ, ನಡೆದರೆ ನಾಳ ತೆರೆಯುತ್ತದೆ ಎಂದಿತ್ತು.

ನೋವು ಇಳಿದಿರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಗುಲಾಬಿ ನರಳುವುದು ಬೀದಿಯವರೆಗೂ ಕೇಳುತ್ತಿತ್ತು.

ಕಪಾಟಿನಿಂದ ಔಷಧಿ ತೆಗೆಯುವಾಗ ಸೀಸೆಯ ಮೇಲಿನ ಚೀಟಿಯನ್ನು ಮೂರು ಸಲ ಓದಬೇಕೆಂದು ಸೈನ್ಯದ ಲಾಯದಲ್ಲಿ ನನಗೆ ಕಲಿಸಿದ್ದರು. ತೆಗೆಯುವಾಗ ಒಮ್ಮೆ, ಸಿರಿಂಜಿಗೆ ಎಳೆಯುವಾಗ ಒಮ್ಮೆ, ತಿರುಗಿ ಇಡುವಾಗ ಒಮ್ಮೆ. ನಮ್ಮ ದವಾಖಾನೆಯ ಕಪಾಟನ್ನು ಜೋಡಿಸಿದವನು ನಾನೇ. ಮರಗಟ್ಟಿಸುವ ಲಿಗ್ನೊಕೇನ್ ಸೀಸೆ ಎರಡನೆಯ ಹಲಗೆಯ ಎಡತುದಿಗೆ. ವರ್ಷಗಟ್ಟಲೆ ಅದು ಅಲ್ಲಿಯೇ ಇತ್ತು. ಅಲ್ಲಿಗೆ ಕೈ ಹೋಯಿತು, ಲಿಗ್ನೊಕೇನ್ ಎಂಬ ದಪ್ಪ ಅಕ್ಷರ ಕಂಡಿತು, ಪೆಟ್ಟಿಗೆಗೆ ಹಾಕಿಕೊಂಡೆ.

ಎಡಗಾಲಿನಿಂದ ಆರಂಭಿಸಿದೆ. ಕೂದಲು ಕತ್ತರಿಸಿ, ಸೋಪಿನಿಂದ ತೊಳೆದು, ಸ್ಪಿರಿಟ್ ಒರೆಸಿದೆ. ಟಾಂಗಾವಾಲಾ ಮುಖ ಹಿಡಿದಿದ್ದ. ಅವನ ತಾಯಿ, ಎಪ್ಪತ್ತರ ಆಸುಪಾಸಿನ ಸಣಕಲು ಮುದುಕಿ, ಕುದುರೆಯ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ಒಳಪಕ್ಕಕ್ಕೆ ಒಂದು ಸೂಜಿ, ಹೊರಪಕ್ಕಕ್ಕೆ ಒಂದು, ನಾಳದ ಮಗ್ಗುಲಲ್ಲೇ. ಬಲಗಾಲಿಗೆ ಸೂಜಿ ಬದಲಿಸಬೇಕಿತ್ತು. ಹಾಗಾಗಿ ಸೀಸೆಯನ್ನು ಪೆಟ್ಟಿಗೆಯಲ್ಲಿ ತಿರುಗಿ ಇಡುತ್ತ, ಅಭ್ಯಾಸದಂತೆ ಮೂರನೆಯ ಸಲ ಓದಿದೆ.

ದಪ್ಪ ಅಕ್ಷರದ ಕೆಳಗೆ ಕೆಂಪು ಬಣ್ಣದಲ್ಲಿ ಸಣ್ಣದಾಗಿ, ಅಡ್ರಿನಲಿನ್ ಕೂಡಿದ್ದು ಎಂದಿತ್ತು.

ಬರೀ ಲಿಗ್ನೊಕೇನ್ ಬೇರೆ, ಅಡ್ರಿನಲಿನ್ ಕೂಡಿದ್ದು ಬೇರೆ. ಅಡ್ರಿನಲಿನ್ ರಕ್ತನಾಳವನ್ನು ಬಿಗಿಯುತ್ತದೆ. ದನದ ಕೋಡು ಕೊಯ್ಯುವಾಗ ರಕ್ತ ಸೋರದಿರಲಿ ಎಂದು ಅದನ್ನು ಬಳಸುತ್ತಾರೆ. ಹೊಸ ಸರಬರಾಜು ಬಂದ ದಿನ ಅದನ್ನು ಹಳೆಯ ಸೀಸೆಯ ಜಾಗದಲ್ಲಿ ಇಟ್ಟವನೂ ನಾನೇ ಇರಬೇಕು. ಮೊದಲೆರಡು ಸಲ ನಾನು ಓದಿರಲಿಲ್ಲ. ಜಾಗವನ್ನು ನೋಡಿದ್ದೆ, ಅಷ್ಟೆ. ಮೊದಲೇ ಬಿಗಿದು ಮುಚ್ಚಿಕೊಂಡಿದ್ದ ನಾಳಗಳ ಬಾಗಿಲಿಗೆ ಹೊರಗಿನಿಂದ ಅಗಳಿ ಹಾಕಿದ್ದೆ.

ಎಡಗಾಲಿನ ನಾಡಿ ಹಿಡಿದೆ. ಹತ್ತು ನಿಮಿಷದ ಹಿಂದೆ ಸುತ್ತಿಗೆಯಂತಿದ್ದದ್ದು ಈಗ ದಾರದಂತಾಗಿತ್ತು. ನೋಡುನೋಡುತ್ತ ಅದೂ ಸಿಗದಾಯಿತು. ಗೊರಸು ತಣ್ಣಗಾಗತೊಡಗಿತು.

ಇನ್ನೂ ಹೆದರಿಸಿದ್ದು ಮುಂದಿನದು. ಕಾಲು ಮರಗಟ್ಟಿದ್ದರಿಂದ ಗುಲಾಬಿಗೆ ನೋವು ಹೋಯಿತು. ಮೂರು ದಿನದಲ್ಲಿ ಮೊದಲ ಸಲ ಅದು ಎಡಗಾಲನ್ನು ಪೂರ್ತಿ ಊರಿ, ಬಲಗಾಲಿನ ಭಾರವನ್ನೂ ಅದರ ಮೇಲೆಯೇ ಹಾಕಿ ನೆಟ್ಟಗೆ ನಿಂತಿತು. ಮುದುಕಿ ಕುದುರೆಯ ದೃಷ್ಟಿ ತೆಗೆದು ನೆಟಿಗೆ ಮುರಿದಳು.

“ಆಚಾರ್ರ, ನಿಮ್ಮ ಕೈಯಾಗ ಏನೈತ್ರಿ!” ಎಂದು ಟಾಂಗಾವಾಲಾ ನಕ್ಕ. “ನೋಡ್ರಿ, ರಾಣಿ ನಿಂತಂಗ ನಿಂತಾಳ. ಇನ್ನೊಂದು ಕಾಲಿಗೂ ಹಾಕಿಬಿಡ್ರಿ. ನಾಡಿದ್ದು ಶಿಗ್ಗಾಂವ್ಯಾಗ ಮದಿವಿ ಐತಿ, ಆರಾಮ ಹೋಗಿಬರ್ತೇವಿ.”

ಆಗಲೇ ಹಗ್ಗ ಬಿಚ್ಚಿದ್ದ. ಹತ್ತು ನಿಮಿಷ ನಡೆಸಬೇಕೆಂದು ಡಾಕ್ಟರರ ಚೀಟಿಯಲ್ಲಿದ್ದದ್ದನ್ನು ನಾನೇ ಬೆಳಿಗ್ಗೆ ಅವನಿಗೆ ಓದಿ ಹೇಳಿದ್ದೆ. ನೋವು ತಿಳಿಯದ ಕಾಲಿನ ಮೇಲೆ, ರಕ್ತವಿಲ್ಲದ ಗೊರಸಿನ ಮೇಲೆ ಅಷ್ಟು ತೂಕದ ಕುದುರೆ ನಾಲ್ಕು ಹೆಜ್ಜೆ ಇಟ್ಟರೆ ಪದರು ಹರಿದುಹೋಗಬಹುದು. ಹರಿದದ್ದು ಅದಕ್ಕೆ ಗೊತ್ತೂ ಆಗುವುದಿಲ್ಲ.

ಬೇಡ, ಸ್ವಲ್ಪ ನಿಲ್ಲಿ, ಎಂದೆ. ಯಾಕೆ ಎಂದ. ಸುಸ್ತಾಗಿದ್ದಾಳೆ ಎಂದೆ. ಸುಸ್ತಾದವಳು ಹೀಗೆ ನಿಲ್ಲುತ್ತಾಳೇನು ಎಂದು ಹಗ್ಗ ಎಳೆದ. ಡಾಕ್ಟರರ ಚೀಟಿಗಿಂತ ನನ್ನ ಮಾತು ದೊಡ್ಡದೆಂದು ಅವನು ನಂಬಲು ಕಾರಣವಿರಲಿಲ್ಲ. ಸುಮ್ಮನಿದ್ದರೆ ಅಡ್ರಿನಲಿನ್ ಎರಡು ಮೂರು ತಾಸಿನಲ್ಲಿ ಇಳಿಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ ಎಂಬುದೂ ನನ್ನ ತಲೆಯಲ್ಲಿ ಬಂದುಹೋಯಿತು. ಆದರೆ ಅವನನ್ನು ಆ ಜಾಗದಲ್ಲಿ ನಿಲ್ಲಿಸಬಲ್ಲ ಮಾತು ಒಂದೇ ಇತ್ತು.

ಬಾಗಿಲಿಗೆ ಅಡ್ಡ ನಿಂತು, ಕುದುರೆಯ ಎದೆಗೆ ಕೈ ಕೊಟ್ಟು ಹೇಳಿದೆ. “ಸಾಬ್ರ, ನಾನು ತಪ್ಪು ಔಷಧ ಹಾಕೇನಿ. ಕಾಲು ಬೇನಿ ಅನ್ನಾಕತ್ತಿಲ್ಲ ಅಷ್ಟ. ಒಳಗ ರಕ್ತ ನಿಂತೈತಿ. ನಡಸಿದ್ರ ಗೊರಸು ಹೋಗ್ತದ.”

ಅವನಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ಹಗ್ಗ ಕೆಳಗೆ ಬಿತ್ತು. ಅವನು ಬೈಯುತ್ತಾನೆ, ಹೊಡೆಯಲೂಬಹುದು ಎಂದುಕೊಂಡಿದ್ದೆ. ಅವನು ದನಿ ಎತ್ತಲಿಲ್ಲ.

“ಕೈ ತಗೀರಿ,” ಎಂದ. “ನನ್ನ ಕುದುರಿ ಮ್ಯಾಲಿನ ಕೈ ತಗೀರಿ. ಹೊರಗ ನಡೀರಿ.”

ಹೊರಗೆ ಬಂದೆ. ಆದರೆ ಹೋಗಲಿಲ್ಲ. ಲಾಯಕ್ಕೆ ಎದೆಮಟ್ಟದ ಗೋಡೆಯಿತ್ತು, ಅದರಾಚೆ ಬಿಸಿಲಿನಲ್ಲಿ ನಿಂತೆ. ಒಳಗೆ ಏನು ಮಾಡಬೇಕೆಂದು ಅವರಿಗೆ ಗೊತ್ತಿಲ್ಲ, ಗೊತ್ತಿದ್ದ ನಾನು ಮುಟ್ಟುವಂತಿಲ್ಲ. ಬಿಸಿ ಶಾಖ ಕೊಟ್ಟರೆ ಅಡ್ರಿನಲಿನ್‌ನಿಂದ ಬಿಗಿದ ನಾಳ ಸಡಿಲಾದೀತು, ಆದರೆ ಮೂರು ದಿನದಿಂದ ಉರಿಯುತ್ತಿರುವ ಗೊರಸು ಇನ್ನೂ ಬಾತೀತು. ತಣ್ಣೀರು ಮುಂದುವರಿಸಿದರೆ ಬಿಗಿದದ್ದು ಇನ್ನೂ ಬಿಗಿದೀತು. ಎರಡನ್ನೂ ಬಿಟ್ಟೆ. ಎಡಗಾಲಿನ ಹಸಿ ಚೀಲ ಬಿಚ್ಚಲಿ, ಗೊರಸಿನ ಕೆಳಗೆ ಉಸುಕು ಒತ್ತಿ ತುಂಬಲಿ, ಕುದುರೆ ಒಂದು ಹೆಜ್ಜೆಯೂ ಇಡದಂತೆ ಮುಖ ಹಿಡಿದಿರಲಿ ಎಂದು ಗೋಡೆಯಾಚೆಯಿಂದ ಹೇಳಿದೆ. ಸರಿಯಾದದ್ದನ್ನು ಆರಿಸಿದೆನೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಟಾಂಗಾವಾಲಾ ನನ್ನ ಕಡೆ ನೋಡಲಿಲ್ಲ. ಆದರೆ ಹೇಳಿದ್ದನ್ನು ಮಾಡಿದ.

ನಾಡಿ ಹಿಡಿಯುವವರು ಬೇಕಿತ್ತು. ಮಗನ ಎರಡೂ ಕೈ ಕುದುರೆಯ ಮುಖದ ಮೇಲಿದ್ದವು. ಮುದುಕಿ ಉಸುಕಿನಲ್ಲಿ ಕುಳಿತು, “ಎಲ್ಲಿ ಹಿಡೀಬೇಕ, ಹೇಳ್ರಿ,” ಎಂದಳು. ಗಿಣ್ಣಿನ ಹಿಂದೆ, ಸ್ನಾಯುವಿನ ಮಗ್ಗುಲಿಗೆ ತಗ್ಗು ಇದೆ, ಅಲ್ಲಿ ಎರಡು ಬೆರಳು ಇಡಿರಿ, ಒತ್ತಬೇಡಿ ಎಂದೆ. ಮೊದಲು ಬಲಗಾಲಿನಲ್ಲಿ ಹಿಡಿದು ಗುರುತು ಮಾಡಿಕೊಳ್ಳಲು ಹೇಳಿದೆ. ಅಲ್ಲಿ ಬಡಿತ ಬೆರಳಿಗೆ ಬಂದ ಕೂಡಲೇ ಅವಳು ಬೆಚ್ಚಿ ಕೈ ತೆಗೆದಳು. ಇಷ್ಟು ದಿನ ಮೈದಡವಿದ ಕುದುರೆಯೊಳಗೆ ಹೀಗೊಂದು ಹೊಡೆತ ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಆಮೇಲೆ ಎಡಗಾಲಿಗೆ ಬಂದಳು.

“ಇಲ್ಲ.”

ನನ್ನ ಕೈಗಡಿಯಾರ ಹತ್ತೂಕಾಲು ತೋರಿಸುತ್ತಿತ್ತು. ಕಾಲು ತಾಸಿಗೊಮ್ಮೆ ಕೇಳಿದೆ. ಹತ್ತೂವರೆಗೆ ಇಲ್ಲ. ಹನ್ನೊಂದಕ್ಕೆ ಇಲ್ಲ. ಪೆಟ್ಟಿಗೆಯಲ್ಲಿದ್ದ ಕಾಗದದ ಮೇಲೆ ಹೊತ್ತು ಬರೆದು ಎದುರಿಗೆ ಸೊನ್ನೆ ಹಾಕುತ್ತ ಹೋದೆ. ತೆಳ್ಳನೆಯ ಕುದುರೆಯಾಗಿದ್ದರೆ ಇಷ್ಟರಲ್ಲಿ ನಾಡಿ ತಿರುಗಬೇಕಿತ್ತು ಎನಿಸಿತು. ಈ ಕೊಬ್ಬಿದ ಮೈಯ ನಾಳಗಳು ಬಿಗಿಯುವುದನ್ನು ಮಾತ್ರ ಕಲಿತು, ಸಡಿಲಾಗುವುದನ್ನು ಮರೆತಿದ್ದರೆ? ಹನ್ನೆರಡಕ್ಕೂ ಇಲ್ಲ. ಸೈನ್ಯದ ಲಾಯದಲ್ಲಿ ಗುಂಡು ಬಿದ್ದ ಕುದುರೆಯ ಹಗ್ಗ ನನ್ನ ಅಂಗೈಯಲ್ಲಿ ಎಳೆದದ್ದು ನೆನಪಿಗೆ ಬಂತು.

ಹನ್ನೆರಡೂವರೆ ದಾಟಿದ ಮೇಲೆ ಮುದುಕಿ ತಲೆ ಓರೆ ಮಾಡಿ, ಬೆರಳನ್ನು ಕೂದಲೆಳೆಯಷ್ಟು ಸರಿಸಿದಳು.

“ಏನೋ ಸರದಂಗ ಆತ್ರಿ,” ಎಂದಳು. “ಇರವಿ ಹರದಂಗ.”

ಒಂದು ಗಂಟೆಗೆ ಅದು ನಾಡಿಯೆಂದು ಖಾತ್ರಿಯಾಯಿತು. ಗೊರಸು ಬೆಚ್ಚಗಾಯಿತು. ಎರಡಕ್ಕೆ ಗುಲಾಬಿ ಎಡಗಾಲನ್ನು ಮುಂದಕ್ಕೆ ಚಾಚಿ, ಮತ್ತೆ ಹಿಂಗಾಲಿನ ಮೇಲೆ ಭಾರ ಹಾಕಿ ನರಳಿತು. ನೋವು ತಿರುಗಿ ಬಂದಿತ್ತು. ಆ ನರಳಾಟ ಕೇಳಿ ನನಗೆ ಸಮಾಧಾನವಾದದ್ದು ಇವತ್ತಿಗೂ ಹೇಳಿಕೊಳ್ಳಲು ಸಂಕೋಚ. ರಕ್ತ ಮುಟ್ಟಿತ್ತು. ಅಷ್ಟು ಹೊತ್ತಿನಲ್ಲಿ ಒಳಗೆ ಎಷ್ಟು ಸತ್ತಿತು ಎಂಬುದು ಮಾತ್ರ ತಿಂಗಳುಗಟ್ಟಲೆ ತಿಳಿಯುವಂತಿರಲಿಲ್ಲ.

ದವಾಖಾನೆಗೆ ಹೋಗಿ, ರಿಜಿಸ್ಟರಿನಲ್ಲಿ ಔಷಧಿಯ ಹೆಸರು, ಅಳತೆ, ಹೊತ್ತು, ತಪ್ಪು ಎಲ್ಲವನ್ನೂ ಬರೆದು ಕೆಳಗೆ ಸಹಿ ಮಾಡಿದೆ. ಡಾಕ್ಟರರು ಬಂದವರೇ ಅದನ್ನು ಓದಿದರು. ನೌಕರಿಯ ಭಯ ನನಗೆ ಇತ್ತು, ಮನೆಯಲ್ಲಿ ಹೇಳಿರಲಿಲ್ಲ. ಅವರು ರಿಜಿಸ್ಟರ್ ಮುಚ್ಚಿ ಬದಿಗಿಟ್ಟರು.

“ಬರದೀರಿ, ಚಲೋ ಆತು,” ಎಂದರು. “ನಾ ಇದ್ದಿದ್ರ ಬರೀತಿದ್ನೋ ಇಲ್ಲೋ.”

ಆಮೇಲೆ, ನಾಡಿ ತಿರುಗಲು ಅಷ್ಟು ಹೊತ್ತು ಏಕೆ ಹಿಡಿಯಿತೆಂಬ ನನ್ನ ಪ್ರಶ್ನೆಗೆ ಉತ್ತರ ಕೊಟ್ಟರು. “ಮೈ ಬೆಳದ ಕುದುರಿ ಅಂದ್ರ ಬರೇ ತೊಗಲಿನ ಕೆಳಗ ಕೊಬ್ಬು ಅಂತ ತಿಳೀಬ್ಯಾಡ್ರಿ. ಕಾಳು ತಿಂದು ತಿಂದು ಒಳಗಿನ ನಾಳದ ಸ್ವಭಾವನ ಕೆಡ್ತದ. ಹಿಗ್ಗಬೇಕಾದಾಗ ಹಿಗ್ಗಂಗಿಲ್ಲ. ಬ್ಯಾರೆ ಕಡೆ ಆಗಿದ್ರ ತಡಕೋತಿತ್ತು. ಗೊರಸು ಅಂದ್ರ ಪೆಟಗಿ ಇದ್ದಂಗ, ಒಳಗ ಬಾತ್ರ ಜಾಗಾ ಇಲ್ಲ. ಅದಕ್ಕ ಮೊದಲ ಅಲ್ಲೇ ಹೊಡೀತದ. ಈಗ ಔಷಧ ಕಡಿಮಿ, ಮೈ ಇಳಸೂದು ಜಾಸ್ತಿ.”

ಹಾಗಾಗಿ ಮೈ ಇಳಿಸುವ ಕೆಲಸ ಶುರುವಾಯಿತು. ಒಮ್ಮೆಗೇ ಉಪವಾಸ ಕೆಡವುವಂತಿಲ್ಲ. ಅದರಿಂದ ಕುದುರೆಗೆ ಬೇರೆ ಅಪಾಯ. ಒಣ ಹುಲ್ಲನ್ನು ನೀರಿನಲ್ಲಿ ನೆನೆಸಿ ಹಿಂಡಿ, ತೂಕ ಮಾಡಿ, ದಿನಕ್ಕೆ ನಾಲ್ಕು ಸಲ ಹಾಕಬೇಕು. ಕಾಳಿಲ್ಲ, ಬೆಲ್ಲವಿಲ್ಲ, ರೊಟ್ಟಿಯಿಲ್ಲ. ಸೋಮವಾರ ಬೆಳಿಗ್ಗೆ ಟೇಪಿನಿಂದ ಹೊಟ್ಟೆಯ ಸುತ್ತಳತೆ, ದಾರದಿಂದ ಕುತ್ತಿಗೆಯ ದಿಂಡಿನ ಅಳತೆ. ಟಾಂಗಾವಾಲಾ ಇನ್ನೂ ನನ್ನನ್ನು ಒಳಗೆ ಬಿಡುತ್ತಿರಲಿಲ್ಲ. ದವಾಖಾನೆ ತೆಗೆಯುವ ಮೊದಲು ಆರೂವರೆಗೆ ಹೋಗಿ ಗೋಡೆಯಾಚೆ ನಿಲ್ಲುತ್ತಿದ್ದೆ. ಮುದುಕಿ ಅಳೆದು ಹೇಳುತ್ತಿದ್ದಳು, ನಾನು ಬರೆದುಕೊಳ್ಳುತ್ತಿದ್ದೆ. ಅವನು ನನ್ನ ಎದುರೇ ಹಾಯ್ದು ಹೋದರೂ ಮಾತಿಲ್ಲ. ಶಿಗ್ಗಾಂವಿಯ ಮದುವೆಗೆ ಬೇರೆ ಕುದುರೆ ಹೋಗಿತ್ತು. ಹಂಗಾಮಿನ ಉಳಿದ ಮದುವೆಗಳಿಗೂ ಅವನು ಬರುವುದಿಲ್ಲವೆಂದು ಹೇಳಿ ಕಳಿಸಿದ್ದ.

ಎರಡು ವಾರ ಅಳತೆ ಇಳಿಯಿತು. ಮೂರನೆಯ ವಾರ ಇಳಿಯಲಿಲ್ಲ, ಎಡಗಾಲಿನ ನಾಡಿ ಮತ್ತೆ ಗಟ್ಟಿಯಾಯಿತು. ಕುದುರೆ ನೋವಿಗೆ ಒಂದಿಡೀ ದಿನ ಏಳದೆ ಮಲಗಿತು. ನಾನು ಹುಲ್ಲಿನ ತೂಕ ಇನ್ನೂ ಕಡಿಮೆ ಮಾಡಲು ಹೇಳಿದಾಗ ಮುದುಕಿ ಎದ್ದು ನಿಂತಳು.

“ನಿಮ್ಮ ಮಠದಾಗ ಏಕಾದಶಿ ಹದಿನೈದು ದಿವ್ಸಕ್ಕೊಮ್ಮೆ ಬರ್ತೈತಿ. ನನ್ನ ಕುದುರಿಗೆ ದಿನಾ ಏಕಾದಶಿ ಏನ್ರಿ?”

“ರಂಜಾನದ ರೋಜಾ ಅಂತ ತಿಳೀರಿ ಅಮ್ಮಾ,” ಎಂದೆ.

“ರೋಜಾ ಸಂಜಿಗೆ ಬಿಡ್ತೇವ್ರಿ ನಾವು,” ಎಂದು ಒಳಗೆ ಹೋದಳು.

ಮರುದಿನ ಅವಳು ಗೋಡೆಯ ಹತ್ತಿರ ಬಂದು, ಮಗ ಇಲ್ಲವೆಂದು ನೋಡಿಕೊಂಡು, ತಗ್ಗಿದ ದನಿಯಲ್ಲಿ ಹೇಳಿದಳು. ದಿನವೂ ಮಧ್ಯಾಹ್ನ ಒಂದೊಂದು ಗೋಧಿ ರೊಟ್ಟಿಗೆ ತುಪ್ಪ ಸಕ್ಕರೆ ಹಚ್ಚಿ ಕೊಡುತ್ತಿದ್ದಳಂತೆ. ಕುದುರೆ ಅವಳ ಸೆರಗು ಹಿಡಿದು ಎಳೆಯುತ್ತಿತ್ತಂತೆ.

“ರೊಟ್ಟಿ ಕೊಟ್ಟ ದಿನ ಸಂಜಿಗೆ ಹಿಡದ್ರ ಬಡಿತ ಜೋರ. ನಿನ್ನಿ ಕೊಡಲಿಲ್ಲ, ಇವತ್ತ ಮೆತ್ತಗ ಐತಿ. ನಾಕ ದಿವ್ಸ ನನ್ನ ಬೆರಳಿಗೆ ಗೊತ್ತಾಗಿತ್ರಿ, ನಾ ಸುಳ್ಳಂತ ಅನಕೊಂಡೆ.” ಆಮೇಲೆ, “ನೀವು ಅವತ್ತ ಬಾಗಿಲದಾಗ ನಿಂತು ಹೆಂಗ ಹೇಳಿದ್ರಿ?” ಎಂದು ಕೇಳಿದಳು.

ಹೆದರಿಕೆಯಿಂದ ಹೇಳಿದೆ ಎಂದೆ. ನಿಜವೂ ಅದೇ.

ಅಂದು ಸಂಜೆ ಅವಳು ಮಗನಿಗೆ ಹೇಳಿದಳೆಂದು ಕಾಣುತ್ತದೆ. ಅಳತೆ ಮತ್ತೆ ಇಳಿಯತೊಡಗಿತು. ದಿಂಡು ಮೆತ್ತಗಾಗಿ ಒಂದು ಪಕ್ಕಕ್ಕೆ ವಾಲಿತು. ಏಳನೆಯ ವಾರ ಪಕ್ಕೆಲುಬು ಬೆರಳಿಗೆ ಸಿಕ್ಕಿತು. ಬೀದಿಯ ಜನ ಅವನ ಕುದುರೆಗೆ ಏನಾಯಿತು, ಕ್ಷಯವೇ ಎಂದು ಕೇಳುತ್ತಿದ್ದರು. ಗುಲಾಬಿ ಉಸುಕಿನ ಮೇಲೆ ನಾಲ್ಕಾರು ಹೆಜ್ಜೆ ಇಡುತ್ತಿತ್ತು. ಬಲಗಾಲು ಚೆನ್ನಾಗಿತ್ತು. ಎಡಗಾಲು ಊರುವಾಗ ಒಂದು ಗಳಿಗೆ ತಡೆಯುತ್ತಿತ್ತು. ಆ ಒಂದು ಗಳಿಗೆ ನನ್ನದು ಎಂದು ನನಗೆ ಅನಿಸುತ್ತಿತ್ತು.

ಒಂಬತ್ತನೆಯ ವಾರ ಬಂಕಾಪುರದಿಂದ ಲಾಳ ಹೊಡೆಯುವ ನಾಲಬಂದನನ್ನು ಕರೆಸಿದರು. ಬೆಳೆದ ಗೊರಸನ್ನು ಕೆತ್ತಿ ಅಂಗಾಲು ನೋಡಬೇಕಿತ್ತು. ಎಲುಬು ಕುಸಿದಿದ್ದರೆ ಅಂಗಾಲಿನ ನಡುವೆ ಅರ್ಧಚಂದ್ರದಂತೆ ಮೆತ್ತನೆಯ ಜಾಗ ಸಿಗುತ್ತದೆ. ಸಿಕ್ಕರೆ ಮುಂದೆ ಮಾಡುವುದು ಒಂದೇ. ಡಾಕ್ಟರರು ಅದನ್ನು ಟಾಂಗಾವಾಲಾನಿಗೆ ಮೊದಲೇ ತಿಳಿಸಿದ್ದರು. ಅವರು ಆ ದಿನ ಹತ್ತಿಮತ್ತೂರಿಗೆ ಹೋಗಿದ್ದರು. ನಾನು ಗೋಡೆಯಾಚೆ ನನ್ನ ಜಾಗದಲ್ಲಿದ್ದೆ.

ನಾಲಬಂದ ಬಲಗಾಲನ್ನು ಬೇಗ ಮುಗಿಸಿದ. ಎಡಗಾಲನ್ನು ಟಾಂಗಾವಾಲಾ ಮಡಿಸಿ ತನ್ನ ತೊಡೆಯ ಮೇಲೆ ಹಿಡಿದ. ನಾಲಬಂದ ಬಾಗಿದ ಕತ್ತಿಯಿಂದ ಪದರು ಪದರಾಗಿ ತೆಗೆಯುತ್ತ ಹೋದ. ಬೂದು ಬಣ್ಣ ಹೋಗಿ ಹಳದಿ ಬಂತು. ಹಳದಿಯ ಕೆಳಗೆ ಕೆಂಪು ಕಂಡಿತು, ಹೆಪ್ಪುಗಟ್ಟಿದ ಹಳೆಯ ರಕ್ತದ ಕಲೆ, ಕಾಡಿಗೆಯಂತೆ ಒಂದು ಗೆರೆ. ನಾಲಬಂದ ಕತ್ತಿ ನಿಲ್ಲಿಸಿದ. ಅವನು ಹೆಬ್ಬೆರಳಿನಿಂದ ಆ ಗೆರೆಯ ಮೇಲೆ ಒತ್ತಿದ, ಸರಿದು ಮತ್ತೆ ಒತ್ತಿದ, ಇಕ್ಕಳ ತೆಗೆದುಕೊಂಡು ಅಂಗಾಲನ್ನು ಹಿಡಿದು ಅಮುಕಿದ. ಗುಲಾಬಿ ಕಿವಿ ಆಡಿಸಿತು. ಕಾಲು ಎಳೆದುಕೊಳ್ಳಲಿಲ್ಲ.

“ರಕ್ತ ಸೋರಿ ನಿಂತದ್ದು ಹೌದು,” ಎಂದ ನಾಲಬಂದ. “ಖರೆ, ಕೆಳಗ ಗಟ್ಟಿ ಐತಿ. ಎಲುಬು ಇಳದಿಲ್ಲ. ಮೆರವಣಿಗ್ಯಾಗ ಕುಣಸಬ್ಯಾಡ್ರಿ, ಮೆತ್ತಗ ದುಡಸ್ರಿ. ದುಡೀತಾಳ.”

ಮುದುಕಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಟಾಂಗಾವಾಲಾ ಬಾಗಿದವನು ಏಳಲಿಲ್ಲ. ಕಾಲು ಇನ್ನೂ ಅವನ ತೊಡೆಯ ಮೇಲಿತ್ತು. ಗೊರಸಿನ ಅಂಚು ತೀಡುವುದು ಬಾಕಿಯಿತ್ತು. ನಾಲಬಂದ ಅರ ಹುಡುಕುತ್ತಿದ್ದ. ಟಾಂಗಾವಾಲಾ ಕಾಲನ್ನು ಎರಡು ಸಲ ಕೈ ಬದಲಿಸಿ ಹಿಡಿದದ್ದು ನನಗೆ ಗೋಡೆಯಾಚೆಯಿಂದ ಕಂಡಿತು.

“ಆಚಾರ್ರ,” ಎಂದ, ನನ್ನ ಕಡೆ ತಿರುಗದೆ. “ಒಳಗ ಬರ್ರಿ. ನನ್ನ ಕೈ ಸೋತಾವು. ಈ ಕಾಲು ನೀವು ಹಿಡೀರಿ.”

ಚಪ್ಪಲಿ ಬಿಟ್ಟು ಒಳಗೆ ಹೋಗಿ, ಹಿಡಿದೆ.